ರಿಲೀವರ್ ಬರುವ ತನಕ

ದಾಂಡೇಲಿಯ ಮೈದಾನದಲ್ಲಿ ಇಳಿಹೊತ್ತಿನ ಬಿಸಿಲು ಇನ್ನೂ ಚುರುಗುಡುತ್ತಿರುವಾಗ, ದನಗಳು ಕೂಡ ಗಿಡದ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ತಲೆಗೊಂದು ಟವೆಲ್ ಸುತ್ತಿಕೊಂಡು ಒಬ್ಬನೇ ಸುತ್ತು ಹಾಕುವ ಮನುಷ್ಯನೊಬ್ಬನಿದ್ದ. ಹೆಸರು ಅಂದಾನೆಪ್ಪ. ನವಲಗುಂದದ ಕಡೆಯ ಎರೆಹೊಲದ ಊರಿನಿಂದ, ಮೀಸೆ ಚಿಗುರುವ ವಯಸ್ಸಿನಲ್ಲಿ, ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕಿತೆಂದು ಬಂದವನು. ರಿಟೈರ್ ಆದ ಮೇಲೂ ಊರಿಗೆ ಮರಳದೆ ಇಲ್ಲೇ ಎರಡು ಕೋಣೆಯ ಮನೆ ಕಟ್ಟಿಕೊಂಡು ಉಳಿದ. ಬೆಳಗಿನ ತಂಪಿನಲ್ಲಿ ಅಡ್ಡಾಡುವವರು ಬೇರೆ, ಸಂಜೆಯ ಗಾಳಿಗೆ ಬರುವವರು ಬೇರೆ. ಎರಡೂ ಅಲ್ಲದ ಹೊತ್ತಿನಲ್ಲಿ ಬೆವರು ಸುರಿಸುವವನು ಇಡೀ ಊರಿಗೆ ಇವನೊಬ್ಬನೇ. ಊರಿಗೊಂದು ದಾರಿಯಾದರೆ ಇವನಿಗೇ ಒಂದು ದಾರಿ ಎಂದು ಜನ ನಗುತ್ತಿದ್ದರು. ನಗಲಿ. ಆ ಹೊತ್ತನ್ನು ಅವನು ಹೇಗೆ ಆರಿಸಿಕೊಂಡ ಎಂಬುದು ನಗುವವರಿಗೆ ಗೊತ್ತಿರಲಿಲ್ಲ.

ಅದು ತಿಳಿಯಬೇಕಾದರೆ ಅವನ ಮೈ ಎಂಥದು ಎಂಬುದು ಮೊದಲು ತಿಳಿಯಬೇಕು. ಮಿಲ್ಲಿನಲ್ಲಿ ಮೂರು ಪಾಳಿ. ಒಂದು ವಾರ ಬೆಳಗಿನದು, ಮುಂದಿನ ವಾರ ಮಧ್ಯಾಹ್ನದ್ದು, ಅದರ ಮುಂದಿನ ವಾರ ರಾತ್ರಿಯದು. ಮೂವತ್ತಕ್ಕೂ ಹೆಚ್ಚು ವರ್ಷ ಹೀಗೆ ತಿರುಗಿದ ಮೈಗೆ ಬೆಳಗು ಎಂದರೇನು, ಸಂಜೆ ಎಂದರೇನು? ಹಕ್ಕಿ ಕೂಗಿದಾಗ ನಿದ್ದೆ ಬರುತ್ತಿತ್ತು, ಊರು ಮಲಗಿದಾಗ ಹಸಿವಾಗುತ್ತಿತ್ತು. ರಾತ್ರಿ ಪಾಳಿಯ ವಾರದಲ್ಲಿ ಅವನು ಹಗಲು ಮಲಗಿದರೆ ಹೆಂಡತಿ ಗುರುಸಿದ್ದವ್ವ ಕಿಟಕಿಗೆ ಕಂಬಳಿ ಕಟ್ಟುತ್ತಿದ್ದಳು. ಕುಕ್ಕರ್ ಸೀಟಿ ಹೊಡೆಯುವ ಮುನ್ನವೇ ಒಲೆಯಿಂದ ಇಳಿಸುತ್ತಿದ್ದಳು. ಮಗಳು ಜ್ಯೋತಿ ಸದ್ದಿಲ್ಲದೆ ಅಳುವುದನ್ನು ಮಾತು ಕಲಿಯುವ ಮೊದಲೇ ಕಲಿತಿದ್ದಳು.

ಮಿಲ್ಲಿಗೆ ಇನ್ನೊಂದು ಕಾನೂನಿತ್ತು. ಕಾಗದದ ಮೆಷಿನ್ನು ನಿಲ್ಲುವಂತಿಲ್ಲ, ಆದ್ದರಿಂದ ಅದರ ಮುಂದೆ ನಿಂತ ಮನುಷ್ಯನೂ ಬಿಟ್ಟು ಹೋಗುವಂತಿಲ್ಲ. ಪಾಳಿ ಮುಗಿದ ಭೋಂಗಾ ಕೂಗಿದರೇನು, ಮನೆಯಲ್ಲಿ ಹೆಂಡತಿಗೆ ಬೇನೆ ಬಂದರೇನು, ಮುಂದಿನ ಪಾಳಿಯವನು ಬಂದು ಪಕ್ಕದಲ್ಲಿ ನಿಂತು ‘ನಾ ಬಂದೇನಿ’ ಎನ್ನಬೇಕು. ಅವನೇ ರಿಲೀವರ್. ಅವನು ಬಾರದಿದ್ದರೆ ಇವನಿಗೆ ಡಬಲ್ ಡ್ಯೂಟಿ. ಅಂದಾನೆಪ್ಪನ ಮೆಷಿನ್ನಿಗೆ ಮೂವರು ಸುತ್ತುತ್ತಿದ್ದರು. ಜೋಯಿಡಾ ಕಡೆಯ ಕುಂಬಾರವಾಡದ ಮಹಾಬಳೇಶ್ವರನನ್ನು ಅಂದಾನೆಪ್ಪ ಬಿಡಿಸಬೇಕು, ಅಂದಾನೆಪ್ಪನನ್ನು ಜಮಾಲಸಾಬ ಬಿಡಿಸಬೇಕು, ಜಮಾಲಸಾಬನನ್ನು ಮತ್ತೆ ಮಹಾಬಳೇಶ್ವರ. ಮಹಾಬಳೇಶ್ವರ ರಜೆಗೆಂದು ಊರಿಗೆ ಹೋದನೆಂದರೆ ಮುಗಿಯಿತು. ಕುಂಬಾರವಾಡದ ಬಸ್ಸು ತನಗೆ ಮನಸ್ಸು ಬಂದಾಗ ಹೊರಡುವಂಥದು. ಪಾಪ, ಅದರ ಫಲವನ್ನೆಲ್ಲ ಜಮಾಲಸಾಬ ಉಣ್ಣುತ್ತಿದ್ದ.

ಆದರೆ ಜಮಾಲಸಾಬ ತಾನು ಮಾತ್ರ ಒಂದು ದಿನವೂ ತಡಮಾಡಿದವನಲ್ಲ. ಉದ್ದನೆಯ, ಒಣಗಿದ ಆಳು. ಗ್ರೀಸು ಬಳಿಯುವ ಕೆಲಸಕ್ಕೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುವ ಶೋಕಿ. ಮೆಷಿನ್ನಿನ ಗದ್ದಲದಲ್ಲಿ ಕಿವಿಯ ಹತ್ತಿರ ಬಾಗಿ ದಿನವೂ ಅದೇ ಮಾತು ಹೇಳುತ್ತಿದ್ದ: “ನಾ ಬಂದೇನಿ. ನೀ ಮನಿಗೆ ಹೋಗು.” ಆ ಮಾತು ಕಿವಿಗೆ ಬಿದ್ದ ಕೂಡಲೇ ಅಂದಾನೆಪ್ಪನ ಹೆಗಲು ತಾನಾಗಿ ಇಳಿಯುತ್ತಿತ್ತು. ಎಷ್ಟೋ ವರ್ಷ ಹೀಗೆ ನಡೆದು ನಡೆದು, ಕಡೆಗೆ ಮಾತು ಕೂಡ ಬೇಕಾಗಲಿಲ್ಲ. ಬಾಗಿಲಲ್ಲಿ ಆ ಮುಖ ಕಂಡರೆ ಸಾಕು, ಮೈ ಸಡಿಲಾಗುತ್ತಿತ್ತು.

ಇಷ್ಟಾದರೂ ಇಬ್ಬರೂ ಒಂದು ದಿನ ಕೂಡಿ ಕೂತು ಚಹಾ ಕುಡಿದವರಲ್ಲ. ಹೇಗೆ ಕುಡಿದಾರು? ಒಬ್ಬ ಒಳಗಿದ್ದರೆ ಇನ್ನೊಬ್ಬ ಹೊರಗೆ. ಈದಿನ ಶೀರಖುರ್ಮಾ, ದೀಪಾವಳಿಯ ಕರಿಗಡಬು ಎಲ್ಲವೂ ಪಾಳಿ ಬದಲಾಗುವ ಆ ನಾಲ್ಕು ನಿಮಿಷದಲ್ಲೇ ಕೈಯಿಂದ ಕೈಗೆ ದಾಟುತ್ತಿದ್ದವು. ನಾಲ್ಕು ನಾಲ್ಕು ನಿಮಿಷದ ಗೆಳೆತನ. ಕೂಡಿಸಿದರೆ ಬಹಳವೇ ಆದೀತು, ಆದರೆ ಯಾರು ಕೂಡಿಸುತ್ತಾರೆ?

ಮೂವರೂ ಒಂದೊಂದು ವರ್ಷದ ಅಂತರದಲ್ಲಿ ರಿಟೈರ್ ಆದರು. ಮಹಾಬಳೇಶ್ವರ ಕುಂಬಾರವಾಡಕ್ಕೆ ಹೋಗಿ ಗದ್ದೆ ನೋಡಿಕೊಂಡ. ಈಗ ಬಸ್ಸು ತಡವಾದರೂ ಯಾರಿಗೂ ನಷ್ಟವಿಲ್ಲ. ಜಮಾಲಸಾಬನ ಎದೆಗೆ ಹುಬ್ಬಳ್ಳಿಯಲ್ಲಿ ಸ್ಟೆಂಟು ಹಾಕಿಸಿದರು. ಅಂದಾನೆಪ್ಪನ ಕಾಲಿನ ಹೆಬ್ಬೆರಳಿಗೆ ಕಲ್ಲು ತಾಗಿ ಆದ ಸಣ್ಣ ಗಾಯ ಮಾಯುವುದೇ ಇಲ್ಲವೆಂದು ಕೂತಿತು. ಗುರುಸಿದ್ದವ್ವ ಕೈಹಿಡಿದು ಎಳೆದುಕೊಂಡು ಡಾಕ್ಟರ್ ಸ್ವಪ್ನಾ ಅವರ ದವಾಖಾನೆಗೆ ಒಯ್ದಳು. ಶುಗರ್ ಏರಿತ್ತು.

“ದಿನಾ ಅಡ್ಡಾಡಬೇಕ್ರಿ ಕಾಕಾ. ಒಂದ್ ದಿನಾನೂ ತಪ್ಪಸಬಾರ್ದು,” ಎಂದರು ಡಾಕ್ಟರು.

“ಯಾವ ಪಾಳಿಗೆ ಬರ್ಲಿ ಮೇಡಂ?”

ಡಾಕ್ಟರಿಗೆ ಅರ್ಥವಾಗಲಿಲ್ಲ. ಗುರುಸಿದ್ದವ್ವ ಬಿಡಿಸಿ ಹೇಳಿದಳು, “ಬೆಳಿಗ್ಗೆ ಚಲೋನೋ ಸಂಜಿಮುಂದ ಚಲೋನೋ ಅಂತ ಕೇಳಾಕ ಹತ್ಯಾರ್ರಿ.”

ಡಾಕ್ಟರು ನಕ್ಕರು. “ಬೆಳಿಗ್ಗೆ ಗಾಳಿ ಚಲೋ ಅಂತಾರ. ಊಟ ಆದ ಮ್ಯಾಲೆ ಅಡ್ಡಾಡಿದ್ರ ಶುಗರಿಗೆ ಚಲೋ ಅಂತಾರ. ಸಂಜಿಮುಂದ ಮೈ ಬೆಚ್ಚಗಿರ್ತೈತಿ, ಸಂದು ನೋಯೂದಿಲ್ಲ ಅಂತಾರ. ನನ್ನ ಕೇಳಿದ್ರ, ಯಾವ ಹೊತ್ತು ನೀವು ತಪ್ಪಸೂದಿಲ್ಲೋ ಅದ ಚಲೋ ಹೊತ್ತು. ಕಿಸೇದಾಗ ಒಂದ್ ಪೆಪ್ಪರಮೆಂಟ್ ಇಟ್ಕೋರಿ, ತಲಿ ತಿರುಗಿದ್ರ ಬಾಯಾಗ ಹಾಕ್ಕೋರಿ.” ಆಮೇಲೆ ಗುರುಸಿದ್ದವ್ವನ ಕೈಗೆ ಬಿ.ಪಿ. ಪಟ್ಟಿ ಕಟ್ಟಿ ನೋಡಿ, “ನಿಮ್ಮದೂ ಏರೈತಿ. ಮೊಣಕಾಲೂ ಬಿಗದಾವು. ನೀವೂ ಅಡ್ಡಾಡ್ರಿ ಕಾಕೂ,” ಎಂದರು.

“ನಾ ಯಾವ ಹೊತ್ತಿಗೆ ಅಡ್ಡಾಡ್ಲಿ?”

“ನಿಮಗ ಪುರಸೊತ್ತಿದ್ದ ಹೊತ್ತಿಗೆ.”

ಗುರುಸಿದ್ದವ್ವ ನಕ್ಕಳು. ಸಣ್ಣ ನಗೆಯಲ್ಲ, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಡಾಕ್ಟರ್ ಏನು ಅಂಥ ಹಾಸ್ಯದ ಮಾತು ಹೇಳಿದರೆಂದು ಅಂದಾನೆಪ್ಪನಿಗೆ ಹೊಳೆಯಲಿಲ್ಲ. ಗಂಡಸಿನ ತಲೆ, ಮನೆಗೆ ಬರುವಷ್ಟರಲ್ಲಿ ಮರೆತೂ ಬಿಟ್ಟ.

ಹಳಿಯಾಳಕ್ಕೆ ಮದುವೆ ಮಾಡಿಕೊಟ್ಟ ಜ್ಯೋತಿ ಫೋನಿನಲ್ಲೇ ಮಾಸ್ತರಿಕೆ ಶುರುಮಾಡಿದಳು. ಬೆಳಗಿನ ವಾಕಿಂಗಿನ ಲಾಭ ಹೇಳುವ ವಿಡಿಯೋ ಒಂದು ದಿನ, ಸಂಜೆಯ ವಾಕಿಂಗೇ ಅಮೃತ ಎನ್ನುವ ವಿಡಿಯೋ ಮರುದಿನ. ಎರಡರಲ್ಲೂ ಬಿಳಿ ಕೋಟಿನವರೇ ಇದ್ದರು, ಇಬ್ಬರೂ ಅಷ್ಟೇ ಖಂಡಿತವಾಗಿ ಹೇಳುತ್ತಿದ್ದರು. ಅಂದಾನೆಪ್ಪ ಇಬ್ಬರಿಗೂ ಅನ್ಯಾಯವಾಗದಂತೆ ತನ್ನದೇ ದಾರಿ ಹಿಡಿದ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ, ಒಂದು ವಾರ ರಾತ್ರಿ ಪಾಳಿ! ರಾತ್ರಿ ಪಾಳಿಯ ವಾರದಲ್ಲಿ ಓಣಿಯ ನಾಯಿಗಳೆಲ್ಲ ಅವನ ಬೆನ್ನು ಹತ್ತಿದವು, ಮೂಲೆಮನೆಯವರು ಕಳ್ಳನೆಂದು ಬ್ಯಾಟರಿ ಬಿಟ್ಟರು.

“ಮಿಲ್ಲು ನಿಮ್ಮನ್ನ ಬಿಟ್ಟರೂ ನೀವು ಮಿಲ್ಲು ಬಿಡವಲ್ರಿ,” ಎಂದು ಗುರುಸಿದ್ದವ್ವ ಬೈದಳು.

ಬೈದದ್ದು ಸರಿಯೇ ಇತ್ತು. ಆದರೆ ಅವನ ನಿಜವಾದ ತೊಂದರೆ ಹೊತ್ತಿನದಲ್ಲ. ಶುರು ಮಾಡುವುದು ಸುಲಭ, ನಿಲ್ಲಿಸುವುದು ತಿಳಿಯುತ್ತಿರಲಿಲ್ಲ. ಕೈಗಡಿಯಾರ ನೋಡಿದರೆ ಅದು ಹೊತ್ತನ್ನು ಹೇಳುತ್ತಿತ್ತು, ಮನೆಗೆ ಹೋಗು ಎನ್ನುತ್ತಿರಲಿಲ್ಲ. ಸಾಕು ಎಂದು ಗೇಟಿನತ್ತ ಹೊರಟರೆ ಏನೋ ಅರ್ಧಕ್ಕೆ ಬಿಟ್ಟು ಬಂದಂತೆ ಹೆಗಲು ಬಿಗಿದುಕೊಂಡೇ ಇರುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನದ ಪಾಳಿಯ ವಾರ. ಬಿಸಿಲಲ್ಲಿ ಸುತ್ತು ಹಾಕುತ್ತಿದ್ದ. ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ನಮಾಜು ಮುಗಿದ ಸ್ವಲ್ಪ ಹೊತ್ತಿಗೆ ಮೈದಾನದ ಗೇಟಿನಲ್ಲಿ ಉದ್ದನೆಯ ಒಂದು ಆಕಾರ ಕಂಡಿತು. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಹೊಸ ಬೂಟು. ಸ್ಟೆಂಟು ಹಾಕಿದ ಮೇಲೆ ಡಾಕ್ಟರರು ಅಡ್ಡಾಡಲು ಹೇಳಿದ್ದಕ್ಕೆ ಜಮಾಲಸಾಬ ಮೊದಲ ದಿನ ಬಂದಿದ್ದ. ಅಂದಾನೆಪ್ಪನ ಹೆಗಲು ತಾವಾಗಿ ಇಳಿದವು. ಹತ್ತಿರ ಬಂದ ಜಮಾಲಸಾಬ, ಯೋಚನೆ ಇಲ್ಲದೆ, ಬಾಯಿಗೆ ರೂಢಿಯಾದದ್ದನ್ನೇ ಅಂದುಬಿಟ್ಟ:

“ನಾ ಬಂದೇನಿ. ನೀ ಮನಿಗೆ ಹೋಗು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು, ಅಂದಾನೆಪ್ಪ ಮನೆಗೆ ಹೋದ! ಜಮಾಲಸಾಬ ಸುತ್ತು ಹಾಕತೊಡಗಿದ!

ಅಂದಿನಿಂದ ಅದೇ ಹೊತ್ತು ಖಾಯಂ ಆಯಿತು. ಅಸರಿಗೆ ಮೊದಲು ಅಂದಾನೆಪ್ಪ, ಅಸರ್ ಆದಮೇಲೆ ಜಮಾಲಸಾಬ. ನಡುವೆ ನಾಲ್ಕು ನಿಮಿಷದ ಮಾತು. “ಆ ಮೂಲ್ಯಾಗ ನೀರು ನಿಂತೈತಿ, ನೋಡ್ಕೊಂಡು ಹೋಗು.” “ಹ್ಞಾಂ. ಬೆರಳು ಹೆಂಗೈತಿ?” “ಮಾಯಾಕ ಹತ್ತೇತಿ.” ಇಷ್ಟೇ. ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು ಅದೇ ಕ್ರಮ. ನೋಡನೋಡುತ್ತ ಬೆರಳಿನ ಗಾಯ ಮಾಯಿತು, ಶುಗರೂ ಇಳಿಯಿತು.

“ಅಲ್ರೀ, ಇಬ್ಬರಿಗೂ ಅಡ್ಡಾಡೂದೈತಿ, ಮೈದಾನೂ ಒಂದ. ಕೂಡೇ ಅಡ್ಡಾಡಿದ್ರ ಆಗೂದಿಲ್ಲೇನು?” ಎಂದು ಗುರುಸಿದ್ದವ್ವ ಒಮ್ಮೆ ಕೇಳಿದ್ದಳು.

ಅಂದಾನೆಪ್ಪನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಇಬ್ರೂ ಒಂದ ಪಾಳಿಗೆ ಬಂದ್ರ ಮುಂದಿನ ಪಾಳಿಗೆ ಯಾರು?” ಎಂದ. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದ. ಅವಳು ಹಣೆ ಚಚ್ಚಿಕೊಂಡು ರೊಟ್ಟಿ ತಟ್ಟಲು ಹೋದಳು.

ಶಿವರಾತ್ರಿ ಕಳೆದು ಬಿಸಿಲು ಏರುವ ದಿನಗಳಲ್ಲಿ ಒಂದು ಸಂಜೆ ಜಮಾಲಸಾಬ ಬರಲಿಲ್ಲ.

ಅಂದಾನೆಪ್ಪ ಮತ್ತೊಂದು ಸುತ್ತು ಹಾಕಿದ. ಗೇಟಿನ ಕಡೆ ನೋಡಿದ. ಇನ್ನೊಂದು ಸುತ್ತು. ನೆಂಟರು ಬಂದಿರಬೇಕು ಎಂದುಕೊಂಡು ಹೋದ. ಮರುದಿನವೂ ಇಲ್ಲ. ಮೂರನೆಯ ದಿನವೂ ಇಲ್ಲ. ಜಮಾಲಸಾಬ ಫೋನು ಎತ್ತಲಿಲ್ಲ. ಅಂದಾನೆಪ್ಪ ಬಿಗಿದ ಹೆಗಲಿನಲ್ಲೇ ಅವನ ಮನೆಗೆ ಹೋದ.

ಬಾಗಿಲು ತೆರೆದವಳು ಜಮಾಲಸಾಬನ ಹೆಂಡತಿ ನಸೀರಾ. ಇವನನ್ನು ನೋಡಿ ಅವಳಿಗೇ ಆಶ್ಚರ್ಯ.

“ಭಾಯಿಸಾಬ್, ನೀವ್ ಇಲ್ಲಿ? ಅವರು ನಿಮ್ಮ ಕಡೀನ ಬಂದಾರಲ್ಲ! ನಮಾಜ್ ಆದ ಮ್ಯಾಲೆ ಬೂಟ್ ಹಾಕ್ಕೊಂಡು ಮೈದಾನಕ್ಕ ಹ್ವಾದ್ರು.”

“ಹೌದೇನ್ರಿ? ಹಂಗಾರ ದಾರ್ಯಾಗ ತಪ್ಪಿರಬೇಕು,” ಎಂದ ಅಂದಾನೆಪ್ಪ. ಗೆಳೆಯನ ಸುಳ್ಳಿಗೆ ತನ್ನದೊಂದು ಸುಳ್ಳು ಸೇರಿಸಿ ಹೊರಬಿದ್ದ. ಬೂಟು ಹಾಕಿಕೊಂಡು ಹೊರಟವನು ದಿನವೂ ಎಲ್ಲಿಗೆ ಹೋಗುತ್ತಾನೆ?

ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ಮಿಲ್ಲಿನವರು ಕಡೆಗೆ ಹೋಗುವುದೆಲ್ಲಿಗೆ? ಮಿಲ್ಲಿನ ಗೇಟಿನೆದುರು ಮುಚ್ಚಿದ ಚಹಾ ಅಂಗಡಿಯ ಹಲಗೆಯ ಮೇಲೆ ಜಮಾಲಸಾಬ ಕೂತಿದ್ದ. ಬೂಟಿಗೆ ಒಂದು ಕಣ ಧೂಳು ಹತ್ತಿರಲಿಲ್ಲ.

ಅಂದಾನೆಪ್ಪನಿಗೆ ಮೊದಲು ಬಂದದ್ದು ಸಿಟ್ಟು. “ನಾ ಅಲ್ಲೆ ಹಾದಿ ಕಾಯಾಕ ಹತ್ತೇನಿ, ನೀ ಇಲ್ಲೆ ನವಾಬನಂಗ ಕುಂತೀಯಲ್ಲೋ!”

ಜಮಾಲಸಾಬ ತಲೆ ಎತ್ತಲಿಲ್ಲ. “ಕುಂದ್ರು,” ಎಂದ. ಅಂದಾನೆಪ್ಪ ಕೂರಲಿಲ್ಲ. ಆಗ ಅವನು ನೆಲ ನೋಡುತ್ತಲೇ ಹೇಳಿದ. ಮೂರು ದಿನದ ಹಿಂದೆ, ಅಂದಾನೆಪ್ಪ ಮನೆಗೆ ಹೋದ ಮೇಲೆ, ಎರಡನೆಯ ಸುತ್ತಿಗೇ ಉಸಿರು ಕಟ್ಟಿತು. ಕಾಲು ಸೋತು ನೆಲಕ್ಕೆ ಕೂತ. ಕ್ರಿಕೆಟ್ ಆಡುವವರು ಓಡಿಬಂದು ನೀರು ಕೊಟ್ಟರು, ಗಾಳಿ ಹಾಕಿದರು, ಸುತ್ತ ಜನ ನೆರೆದರು.

“ಮಂದಿ ಎಲ್ಲಾ ಮ್ಯಾಲಿಂದ ಬಗ್ಗಿ ನೋಡಾಕ ಹತ್ತಿದ್ರು ಅಂದಾನಿ. ನಾ ಕೆಳಗ. ಹಂಗ ನನ್ನ ಯಾರೂ ನೋಡಿದ್ದಿಲ್ಲ.”

“ಮನ್ಯಾಗ ಹೇಳಿಲ್ಲ?”

“ಹೇಳಿದ್ರ ಮತ್ತ ಹುಬ್ಬಳ್ಳಿಗೆ ಒಯ್ತಾರ. ಈ ಸಲ ಎದೀನ ಕೊಯ್ತಾರ. ಅಂಜಿಕಿ ಬರ್ತೈತಿ ದೋಸ್ತ. ಖರೇ ಹೇಳ್ತೇನಿ, ಮೈದಾನ ನೋಡಿದ್ರ ಅಂಜಿಕಿ ಬರ್ತೈತಿ. ನೀ ಹ್ವಾದ ಮ್ಯಾಲೆ ಅಲ್ಲೆ ನನ್ನ ನೋಡಾಕ ಯಾರದಾರ?”

ಇಷ್ಟು ವರ್ಷದಲ್ಲಿ ಜಮಾಲಸಾಬನ ಬಾಯಿಂದ ಅಂಜಿಕೆ ಎಂಬ ಮಾತು ಬಂದದ್ದನ್ನು ಅಂದಾನೆಪ್ಪ ಕೇಳಿರಲಿಲ್ಲ. ಒಮ್ಮೆ ಕಾಗದ ಹರಿದು ರೋಲರಿಗೆ ಸುತ್ತಿಕೊಂಡಾಗ ಎಲ್ಲರಿಗಿಂತ ಮೊದಲು ಕೈ ಹಾಕಿದವನು ಇವನೇ. ಅಂಥವನು ಈಗ ಬೂಟಿನ ಲೇಸು ನೋಡುತ್ತ ಕೂತಿದ್ದ. ಅಂದಾನೆಪ್ಪನಿಗೆ ಅಪ್ಪಿಕೊಳ್ಳಬೇಕು ಅನಿಸಿತು, ಆದರೆ ಅದು ಇಬ್ಬರಿಗೂ ಅಭ್ಯಾಸವಿಲ್ಲದ ಕೆಲಸ. ಸಮಾಧಾನದ ಮಾತೂ ಬಾಯಿಗೆ ಬರಲಿಲ್ಲ. ಬಂದದ್ದು ಮಿಲ್ಲಿನ ಕಾನೂನು.

“ನೋಡ್ ಜಮಾಲಭಾಯಿ, ನೀ ಡಾಕ್ಟರ ಕಡೆ ಹೋಗಬೇಕು. ಹೋಗೂದಿಲ್ಲಂದ್ರ ಹೊತ್ತಗೊಂಡು ಒಯ್ಯೂ ತಾಕತ್ತು ನನಗಿಲ್ಲ. ಆದ್ರ ಒಂದ್ ಮಾತು. ನಾಳಿ ನಾ ಮೈದಾನಕ್ಕ ಹೋಗ್ತೇನಿ. ರಿಲೀವರ್ ಬರೂ ತನಕ ಡ್ಯೂಟಿ ಬಿಡೂದಿಲ್ಲ. ಡಬಲ್ ಆಗ್ಲಿ, ತ್ರಿಬಲ್ ಆಗ್ಲಿ.”

“ಹುಚ್ಚರಂಗ ಮಾಡಬ್ಯಾಡ. ಶುಗರ್ ಐತಿ ನಿನಗ.”

“ನಿನಗೂ ಎದಿ ಐತಿ,” ಎಂದು ಅಂದಾನೆಪ್ಪ ತಿರುಗಿ ನೋಡದೆ ನಡೆದ.

ಮರುದಿನ ಹೇಳಿದಂತೆಯೇ ಮಾಡಿದ. ಹಟಮಾರಿತನದಲ್ಲಿ ಎರೆಭೂಮಿಯವರನ್ನು ಮೀರಿಸುವವರಿಲ್ಲ. ಅಸರಿನ ಅಜಾನ್ ಕೇಳಿತು, ನಮಾಜೂ ಮುಗಿದಿರಬೇಕು, ಗೇಟಿನಲ್ಲಿ ಯಾರೂ ಇಲ್ಲ. ಅಂದಾನೆಪ್ಪ ನಡೆಯುತ್ತಲೇ ಇದ್ದ. ಸಂಜೆಯವರು ಬರತೊಡಗಿದರು. ಕೆಲವರು ಅವನನ್ನು ದಾಟಿ ಹೋಗುವಾಗ, “ಏನ್ ಕಾಕಾ, ಇವತ್ತ ಓವರ್‌ಟೈಮ್?” ಎಂದು ಕೆಣಕಿದರು. ಟವೆಲ್ಲು ಒದ್ದೆಯಾಯಿತು. ಮಾಯ್ದ ಹೆಬ್ಬೆರಳು ಮತ್ತೆ ಮಿಡಿಯತೊಡಗಿತು. ಕಿಸೆಯ ಪೆಪ್ಪರಮೆಂಟನ್ನು ಬಾಯಿಗೆ ಹಾಕಿಕೊಂಡ. ಅವನು ಬರಲಿಕ್ಕಿಲ್ಲ ಎಂದು ಮನಸ್ಸು ಹೇಳಿತು. ಬರುತ್ತಾನೆ ಎಂದು ಕಾಲು ಹೇಳಿತು. ಒಂದು ಸುತ್ತಿನ ನಡುವೆ ಮೈದಾನ ಸ್ವಲ್ಪ ವಾಲಿದಂತಾಗಿ, ಸಾಗವಾನಿ ಮರವೊಂದನ್ನು ಹಿಡಿದು ನಿಂತ.

“ಏ ಅಂದಾನಿ! ಸಾಯ್ತೀಯೇನೋ ಹುಚ್ಚಾ!”

ಗೇಟಿನಿಂದ ಜಮಾಲಸಾಬ ಬರುತ್ತಿದ್ದ. ಓಡಲು ಆಗದೆ, ನಿಲ್ಲಲೂ ಆಗದೆ, ಎದೆಯ ಮೇಲೆ ಒಂದು ಕೈಯಿಟ್ಟುಕೊಂಡು, ಜೀವಮಾನದಲ್ಲಿ ಮೊದಲ ಸಲ ತಡವಾಗಿ ಬರುತ್ತಿದ್ದ. ಚಹಾ ಅಂಗಡಿಯ ಹಲಗೆಯ ಮೇಲೆ ಕೂತಿದ್ದನಂತೆ. ಮಿಲ್ಲಿನ ಪಾಳಿಯವರೆಲ್ಲ ಹೊರಬಂದು ಸೈಕಲ್ಲು, ಗಾಡಿ ಹತ್ತಿ ಹೋಗುವುದನ್ನು ಅನೇಕ ಸಲ ನೋಡಿದ್ದ. ಆದರೆ ತಾನು ಬಿಡಿಸಬೇಕಾದವನೊಬ್ಬ ಇನ್ನೂ ಮೈದಾನದ ಒಳಗಿದ್ದಾನೆ ಎಂದು ಗೊತ್ತಿದ್ದೂ ಕೂರುವುದು ಅವನ ಕೈಲಾಗಲಿಲ್ಲ. ತನ್ನ ಜೀವಕ್ಕಾಗಿ ಬಾರದವನು ಇವನ ಬಿಡುಗಡೆಗಾಗಿ ಬಂದ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತು ಏದುಸಿರು ಬಿಟ್ಟರು. ಉಸಿರು ತಹಬಂದಿಗೆ ಬಂದಮೇಲೆ ಜಮಾಲಸಾಬ ಸೋತ ಧ್ವನಿಯಲ್ಲಿ ಅಂದ, “ನಾ ಬಂದೇನಿ. ನೀ ಮನಿಗೆ ಹೋಗು.”

ಹೆಗಲು ಇಳಿದವು. ರೂಢಿಯಂತೆ ಕಾಲೂ ಎದ್ದವು. ಗೇಟಿನತ್ತ ಎರಡು ಹೆಜ್ಜೆ ಹೋಗಿ ಅಂದಾನೆಪ್ಪ ನಿಂತ. ಹಿಂದೆ ಬೆಂಚಿನ ಮೇಲೆ ಆ ಒಣಗಿದ ಆಳು ಒಬ್ಬನೇ ಕೂತಿದ್ದ. ಇಷ್ಟು ವರ್ಷ ತಾನು ಮನೆಗೆ ಹೋದ ಮೇಲೆ ಇವನು ಹಿಂದೆ ಉಳಿಯುತ್ತಿದ್ದ ಎಂಬುದನ್ನು ಅವನು ಎಂದೂ ತಿರುಗಿ ನೋಡಿರಲಿಲ್ಲ. ನೋಡಿದ್ದು ಇವತ್ತೇ.

“ಹೋಗೂದಿಲ್ಲ,” ಎಂದು ಮರಳಿ ಬಂದು ಪಕ್ಕದಲ್ಲಿ ಕೂತ. “ನಾಳಿ ಮುಂಜಾನೆ ಡಾಕ್ಟರ ಕಡೆ ಇಬ್ರೂ ಹೋಗೂಣು.”

ಮುಂಜಾನೆ ಹೋದರು. ಡಾಕ್ಟರ್ ಸ್ವಪ್ನಾ ಎದೆಯ ಇ.ಸಿ.ಜಿ. ಪಟ್ಟಿ ತೆಗೆಸಿ ನೋಡಿ, ಹುಬ್ಬಳ್ಳಿಯ ಡಾಕ್ಟರರಿಗೆ ಫೋನು ಮಾಡಿ, ಮಾತ್ರೆ ಬದಲಾಯಿಸಿದರು. ಕೊಯ್ಯುವ ಮಾತು ಬರಲಿಲ್ಲ. “ಅಡ್ಡಾಡೂದು ಬಿಡಬ್ಯಾಡ್ರಿ. ಆದ್ರ ಸಾವಕಾಶ. ಮತ್ತ ಒಬ್ಬರ ಅಡ್ಡಾಡಬ್ಯಾಡ್ರಿ, ಜೋಡಿ ಯಾರರ ಇರಲಿ,” ಎಂದರು. ಜಮಾಲಸಾಬ ಅಂದಾನೆಪ್ಪನ ಮುಖ ನೋಡಿದ. ಅಂದಾನೆಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಇಷ್ಟು ಸಣ್ಣ ಮಾತನ್ನು ಗುರುಸಿದ್ದವ್ವ ಎಂದೋ ಹೇಳಿದ್ದಳಲ್ಲ! ಹಿತ್ತಲ ಗಿಡ ಮದ್ದಲ್ಲ.

ಮಾತ್ರೆ ಮೈಗೆ ಹತ್ತಿದ ಮೇಲೆ, ಡಾಕ್ಟರರು ಹೂಂ ಎಂದ ದಿನ, ಇಬ್ಬರೂ ಕೂಡಿ ಅಡ್ಡಾಡಲು ಹೋದರು. ಅದೇನು ಸುಲಭವೇ? ಒಬ್ಬನ ಹೆಜ್ಜೆ ಉದ್ದ, ಇನ್ನೊಬ್ಬನದು ಬಿರುಸು. ಎರಡು ಎತ್ತುಗಳನ್ನು ಮೊದಲ ಸಲ ಒಂದೇ ನೊಗಕ್ಕೆ ಹೂಡಿದಂತೆ ಮೊದಲ ಸುತ್ತೆಲ್ಲ ಎಳೆದಾಟ. ಮಾತೂ ಅಷ್ಟೇ. ನಾಲ್ಕು ನಿಮಿಷ ಆದ ಕೂಡಲೇ ಇಬ್ಬರ ಮಾತೂ ಮುಗಿದು ಹೋಯಿತು. ಐದನೆಯ ನಿಮಿಷಕ್ಕೆ ಅವರ ಬಳಿ ಮಾತೇ ಇರಲಿಲ್ಲ. ಆಮೇಲೆ ಜಮಾಲಸಾಬ ಮೆಲ್ಲಗೆ, “ಜ್ಯೋತಿ ಹುಟ್ಟಿದ ದಿನ ನಾ ಪಾಳಿಗಿಂತ ಮೊದಲ ಲಗೂ ಬಂದಿದ್ನಿ, ನೆನಪೈತಿ?” ಎಂದ.

“ನೆನಪೈತಿ. ಹೆಂಗ್ ಗೊತ್ತಾಗಿತ್ತು ನಿನಗ?”

“ಹಿಂದಿನ ದಿನ ನೀ ಟಿಫಿನ್ ಡಬ್ಬಿ ಬಿಚ್ಚದ ಹಂಗ ಒಯ್ದಿದ್ದಿ.”

ಇಷ್ಟು ವರ್ಷ ಇದನ್ನು ಹೇಳಲು ಹೊತ್ತೇ ಸಿಕ್ಕಿರಲಿಲ್ಲ. ಆಮೇಲೆ ಮಾತು ಕಟ್ಟೆಯೊಡೆದು ಬಂತು. ಮಹಾಬಳೇಶ್ವರ ತರುತ್ತಿದ್ದ ಮುರುಗಲ ಹಣ್ಣು, ಅವನ ಬಸ್ಸಿನ ನೂರೆಂಟು ನೆವ, ಮುಂಡಗೋಡದಲ್ಲಿ ಗ್ಯಾರೇಜು ಇಟ್ಟಿರುವ ಜಮಾಲಸಾಬನ ಮಗ, ಒಂದೂ ಬಿಡಲಿಲ್ಲ. ಹೊತ್ತು ಇಳಿಯಿತು. ಕಾಳಿ ನದಿಯ ಕಡೆಯಿಂದ ತಂಪು ಗಾಳಿ ಬಂತು. ಇಬ್ಬರೂ ಮೆಲ್ಲಗೆ ಸುತ್ತುತ್ತಲೇ ಇದ್ದರು, ನಡುನಡುವೆ ಬೆಂಚಿನ ಮೇಲೆ ಕೂತು, ಮತ್ತೆ ಎದ್ದು.

“ಹೋಗೂಣೇನು?” ಎಂದ ಅಂದಾನೆಪ್ಪ.

“ಹೋಗಬೇಕು,” ಎಂದ ಜಮಾಲಸಾಬ. ಆದರೆ ಯಾರೂ ಗೇಟಿನತ್ತ ತಿರುಗಲಿಲ್ಲ. ಇಬ್ಬರನ್ನೂ ಬಿಡಿಸಲು ಯಾರೂ ಇರಲಿಲ್ಲ. ಮಹಾಬಳೇಶ್ವರ ಕುಂಬಾರವಾಡದಲ್ಲಿ ಗದ್ದೆಯ ಬದುವಿನ ಮೇಲೆ ಕೂತಿದ್ದಾನು. ಪಕ್ಕದ ಮನೆಗಳಲ್ಲಿ ದೀಪ ಹತ್ತತೊಡಗಿದವು.

ಆಗ ಗೇಟಿನಿಂದ ಒಬ್ಬ ಹೆಂಗಸು ಬಂದಳು. ಇಳಕಲ್ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಕಾಲಲ್ಲಿ ಜ್ಯೋತಿ ತವರಿನಲ್ಲಿ ಬಿಟ್ಟು ಹೋದ ಹಳೆಯ ಬಿಳಿ ಬೂಟು. ಮೊಣಕಾಲು ಹಿಡಿದು ಹಿಡಿದು ಹೆಜ್ಜೆ ಇಡುತ್ತಿದ್ದಳು. ಹತ್ತಿರ ಬಂದಾಗಲೇ ಅಂದಾನೆಪ್ಪನಿಗೆ ಅದು ತನ್ನ ಹೆಂಡತಿ ಎಂದು ಗೊತ್ತಾಯಿತು.

“ನಾ ಬಂದೇನಿ,” ಎಂದಳು ಗುರುಸಿದ್ದವ್ವ. “ನೀವು ಮನಿಗೆ ಹೋಗ್ರಿ.”

ಜಮಾಲಸಾಬ ಗಹಗಹಿಸಿ ನಕ್ಕ. ಅಂದಾನೆಪ್ಪ ನಗಲಿಲ್ಲ. “ದೀಪ ಹಚ್ಚೂ ಹೊತ್ತಿನ್ಯಾಗ ನೀ ಇಲ್ಲೆ ಬಂದ್ರ, ಅಡಗಿ?” ಎಂದ.

“ಹಿಟ್ಟು ಡಬ್ಬ್ಯಾಗ ಐತಿ. ಅಕ್ಕಿ ಅದರ ಬಾಜೂಕ ಐತಿ,” ಎಂದಳು ಅವಳು. ಸಿಟ್ಟಿನ ಧ್ವನಿಯಲ್ಲ. “ನನಗೂ ಡಾಕ್ಟರು ಅಡ್ಡಾಡು ಅಂದಾರ, ಮರತ್ರೇನು? ನಿಮ್ಮ ಪಾಳಿ ವಾರಕ್ಕೊಮ್ಮೆ ಬದಲಿ ಆಗ್ತಿತ್ತು. ರಿಟೈರ್ಮೆಂಟೂ ಆತು. ನಾ ಮದುವ್ಯಾಗಿ ಬಂದಾಗಿಂದ ಒಂದ ಪಾಳ್ಯಾಗ ನಿಂತೇನಿ. ನನಗ ರಿಲೀವರ್ ಬರ್ಲೇ ಇಲ್ರಿ.”

ಡಾಕ್ಟರರ ದವಾಖಾನೆಯಲ್ಲಿ ಅವಳು ಸೆರಗು ಬಾಯಿಗೊತ್ತಿ ನಕ್ಕದ್ದೇಕೆ ಎಂಬುದು ಅಂದಾನೆಪ್ಪನಿಗೆ ಈಗ ತಿಳಿಯಿತು. ಜಮಾಲಸಾಬ ಅವನ ತೋಳು ಹಿಡಿದು ಗೇಟಿನತ್ತ ತಿರುಗಿಸಿದ. “ನಡಿ ಅಂದಾನಿ. ರಿಲೀವರ್ ಬಂದ ಮ್ಯಾಲೆ ಮೆಷಿನ್ ಮುಂದ ನಿಂದ್ರಬಾರ್ದು, ಕಾನೂನು.” ಹೋಗುವ ಮೊದಲು ಗುರುಸಿದ್ದವ್ವನಿಗೆ, “ಅಕ್ಕಾರ, ನಾಳಿಯಿಂದ ನಸೀರಾನ್ನೂ ಕಳಸ್ತೇನ್ರಿ. ಡಾಕ್ಟರು ಒಬ್ಬರ ಅಡ್ಡಾಡಬಾರ್ದು ಅಂದಾರ,” ಎಂದ.

ಆ ರಾತ್ರಿ ಅಂದಾನೆಪ್ಪನ ಮನೆಯಲ್ಲಿ ಅನ್ನ ಗಂಜಿಯಾಗಿತ್ತು, ಸಾರಿಗೆ ಉಪ್ಪು ಮರೆತುಹೋಗಿತ್ತು. ಗುರುಸಿದ್ದವ್ವ ಮೊಣಕಾಲು ಒತ್ತಿಕೊಳ್ಳುತ್ತ ಎರಡು ಸಲ ಹಾಕಿಸಿಕೊಂಡು ಉಂಡಳು.

ಮರುದಿನ ಅವನು ಮೈದಾನದಿಂದ ಬೇಗ ಹೊರಟ. ಜಮಾಲಸಾಬನೂ ಜೊತೆಗೇ ಹೊರಟ. ಮನೆಯಲ್ಲಿ ಗುರುಸಿದ್ದವ್ವ ಒಲೆಯ ಮುಂದೆ ಮಣೆಯ ಮೇಲೆ ಕೂತು ಹಿಟ್ಟು ನಾದುತ್ತಿದ್ದಳು. ಗೋಡೆಯ ಬದಿಗೆ ಬಿಳಿ ಬೂಟು ಇತ್ತು. ಅಂದಾನೆಪ್ಪ ಕೈಕಾಲು ತೊಳೆದು ಒಳಗೆ ಬಂದು ಅವಳ ಪಕ್ಕದಲ್ಲಿ ನಿಂತ. ಮಿಲ್ಲಿನಲ್ಲಿ ಮಹಾಬಳೇಶ್ವರನನ್ನು ಬಿಡಿಸುವಾಗ ಸಾವಿರ ಸಲ ಹೇಳಿದ ಮಾತದು. ಅವಳಿಗೆ ಹೇಳುವುದು ಇದೇ ಮೊದಲು.

“ನಾ ಬಂದೇನಿ,” ಎಂದ. “ನೀ ಹೋಗು.”

ಗುರುಸಿದ್ದವ್ವ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ಅವನನ್ನು ನೋಡಿದಳು. ಅವಳ ಹೆಗಲು ಇಳಿದದ್ದು ಅವನಿಗೆ ಕಾಣಿಸಿತು.